ಗಾಣದ ಯಜಮಾನರ ಒಪ್ಪಿಗೆ

ನಮ್ಮಲ್ಲಿಗೆ ಸೇರಬೇಕೆಂದು ಬರುವವರನ್ನು ಸಾಮಾನ್ಯವಾಗಿ ನಾವು ವಿಚಾರಿಸುತ್ತೇವೆ. ಗಾಣದ ಯಜಮಾನರು ಮಾತ್ರ ನಮ್ಮನ್ನೇ ವಿಚಾರಿಸಿಕೊಳ್ಳಲು ಬಂದಿದ್ದರು. ಕಡೂರಿನ ಹೊರಗಿರುವ ನಮ್ಮ ವೃದ್ಧಾಶ್ರಮದ ಗೇಟಿನ ಮುಂದೆ ಒಂದು ಬೆಳಿಗ್ಗೆ ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡು, ಹಣೆಗೆ ಢಾಳಾಗಿ ವಿಭೂತಿ ಇಟ್ಟುಕೊಂಡು ನಿಂತಿದ್ದರು. "ನಮ್ಮಣ್ಣ ಒಬ್ಬ ಅವ್ನೆ ಮೇಡಮ್ಮೋರೆ, ವಯಸ್ಸಾಗೈತೆ. ಜಾಗ ಹೆಂಗೈತೆ ನೋಡ್ಕೊಂಡು ಹೋಗಾನ ಅಂತ ಬಂದೆ" ಎಂದರು. ಅಲ್ಲಿನ ಮೇಲ್ವಿಚಾರಕಿ ನಾನು. ಜೊತೆಗೆ ನಿಂತು ಎಲ್ಲ ತೋರಿಸಿದೆ. ಮಂಚ, ಫ್ಯಾನು, ದೇವರಮನೆ ಯಾವುದರ ಕಡೆಗೂ ಅವರಿಗೆ ಗಮನವಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಹನಿಯನ್ನು ಮುಂಗೈ ಮೇಲೆ ಉಜ್ಜಿ ಮೂಸಿದರು. "ಇದ್ರಲ್ಲಿ ಪಾಮಾಯಿಲ್ ಬೆರೆಸವ್ರೆ" ಎಂದರು. ಯಾರೂ ಬೆರೆಸಿರಲಿಲ್ಲ; ಡಬ್ಬಿ ಪೂರ್ತಿ ಪಾಮಾಯಿಲ್ಲೇ. ಅದನ್ನು ಹೇಳಿ ಇನ್ನಷ್ಟು ಮರ್ಯಾದೆ ಕಳೆದುಕೊಳ್ಳುವುದು ಬೇಡವೆಂದು ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಕೆಲವು ದಿನ ಬಿಟ್ಟು ಮತ್ತೆ ಬಂದರು. ಅಣ್ಣ ಇರಲಿಲ್ಲ, ಹೆಂಡತಿ ಇದ್ದರು. ಅಣ್ಣನೆಲ್ಲಿ ಎಂದು ಕೇಳಿದರೆ, "ಅಣ್ಣನೂ ಇಲ್ಲ, ಗಿಣ್ಣನೂ ಇಲ್ಲ. ನಮಗೇ ಅಂತ ಹೇಳಿದ್ರೆ ನೀವು ಒಳ್ಳೇದನ್ನ ಮಾತ್ರ ತೋರಿಸ್ತಿದ್ರಿ" ಎಂದರು. ನನಗೆ ಮೈಯೆಲ್ಲ ಉರಿದು ಹೋಯಿತು. ಈಗ ಅವರಿಲ್ಲ. ಹೋದ ಕಾರ್ತಿಕದಲ್ಲಿ ಹಿರೇನಲ್ಲೂರಿನ ಹತ್ತಿರ ಅವರದೇ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಅಂದಿನಿಂದ ಯಾವ ಎಣ್ಣೆ ಕೊಂಡರೂ ಮುಂಗೈಗೆ ಹಚ್ಚಿ ನೋಡುವ ಚಟ ನನಗೂ ಹತ್ತಿದೆ.

ಎತ್ತಿನ ಗಾಣ ನಡೆಸಿದ ಮನೆತನ ಅವರದು. ಸುತ್ತಿನ ಊರಿಗೆಲ್ಲ ಹುಚ್ಚೆಳ್ಳೆಣ್ಣೆ, ಕೊಬ್ಬರಿ ಎಣ್ಣೆ ಅವರಲ್ಲಿಂದಲೇ ಹೋಗುತ್ತಿತ್ತಂತೆ. ಕರೆಂಟಿನ ಮಿಲ್ಲು ಬಂದ ಮೇಲೆ ಗಾಣ ನಿಂತಿತು. ಮಕ್ಕಳಿರಲಿಲ್ಲ. ವಯಸ್ಸಾದ ಮೇಲೆ ಹೆಂಡತಿಗೆ ಮರೆವಿನ ಕಾಯಿಲೆ ಶುರುವಾಯಿತು. ಹೊತ್ತು ಇಳಿಯುತ್ತಿದ್ದಂತೆ ಆಕೆ ಸೆರಗು ಸರಿಮಾಡಿಕೊಂಡು "ನಮ್ಮೂರಿಗೆ ಹೋಗ್ತೀನಿ" ಎಂದು ಹೊರಟುಬಿಡುತ್ತಿದ್ದರು. ನಮ್ಮೂರು ಎಂದರೆ ತವರು, ಅಂತರಘಟ್ಟೆ. ಒಂದು ಸಂಜೆ ಹೆದ್ದಾರಿಯಲ್ಲಿ ಲಾರಿಯವನೊಬ್ಬ ನಿಲ್ಲಿಸಿ ಕರೆತಂದ ಮೇಲೆ ಯಜಮಾನರು ಮನೆಗೆ ಬೀಗ ಹಾಕಿ, ನಮ್ಮ ಕಾಂಪೌಂಡನ್ನು ಹುಡುಕಿಕೊಂಡು ಬಂದರು. ಕಾಂಪೌಂಡು ಎಷ್ಟೆತ್ತರ ಇದೆ ಎಂದು ಮೊದಲ ಸಲವೇ ಛತ್ರಿ ನೆಟ್ಟು ನೋಡಿದ್ದರು.

ಅವರನ್ನು ಎಲ್ಲರೂ ಅನುಮಾನದ ಪ್ರಾಣಿ ಎನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಆದರೆ ಅನುಮಾನ ಪಡುವುದೇ ನನ್ನ ಕೆಲಸ. ಯಾರು ಮಾತ್ರೆಯನ್ನು ದವಡೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳುತ್ತಾರೆ, ಯಾರು ಸ್ನಾನ ಮಾಡಿದೆ ಎಂದು ಬರೀ ಟವೆಲು ಒದ್ದೆ ಮಾಡಿಕೊಂಡು ಬರುತ್ತಾರೆ ಎಂದು ನೋಡುತ್ತಲೇ ನನ್ನ ಕಣ್ಣು ಹೀಗಾಗಿದೆ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ತೂಕದ ಯಂತ್ರ ತಂದ ದಿನ ಅವರು ಹತ್ತಿ ನಿಂತು, ಇಳಿದು, ಒಳಗಿಂದ ಅಕ್ಕಿಮೂಟೆ ತರಿಸಿ ಅದನ್ನು ತೂಗಿ ನೋಡಿ, ಆಮೇಲೆ ತಮ್ಮ ತೂಕವನ್ನು ಒಪ್ಪಿಕೊಂಡರು. ಹೆಂಡತಿಗೆ ಕೊಡುವ ಪ್ರತಿ ಮಾತ್ರೆಯ ಚೂರನ್ನು ಮೊದಲು ತಾವು ನೆಕ್ಕಿ ನೋಡುತ್ತಿದ್ದರು. ತರೀಕೆರೆಯಿಂದ ಬರುವ ಡಾಕ್ಟರು, "ಅಜ್ಜಿಗೆ ಔಷಧಿ ಬರೆದರೆ ಅಜ್ಜನ ಕಾಯಿಲೆಯೂ ವಾಸಿಯಾಗ್ತಿದೆ" ಎಂದು ನಗುತ್ತಿದ್ದರು. ನಂಬಿಕೆಯ ಮಾತೆತ್ತಿದರೆ ಅವರದು ಒಂದೇ ಉತ್ತರ: "ನಂಬಬ್ಯಾಡಿ ಅನ್ನಲ್ಲ ನಾನು. ಮುಟ್ಟಿ ನೋಡಿ ನಂಬಿ ಅಂತೀನಿ."

ಆಕೆಯ ವಿಷಯಕ್ಕೆ ಬಂದರೆ ಬೇರೆಯೇ ಮನುಷ್ಯ. ಬೆಳಿಗ್ಗೆ ಬಿಸಿಲಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ತಾವೇ ಬಾಚುತ್ತಿದ್ದರು. ಆಕೆ "ಏನೂಂದ್ರೆ, ಹಾಲು ಕರೆದ್ರಾ?" ಎಂದು ಕೇಳಿದರೆ "ಕರ್ದೆ ಕಣೇ" ಎನ್ನುವರು. ಮರುಗಳಿಗೆಗೆ ಮತ್ತೆ ಕೇಳಿದರೆ ಮತ್ತೆ ಹಾಗೇ, ಮೊದಲ ಸಲ ಕೇಳಿಸಿಕೊಂಡವರ ಹಾಗೆ, "ಕರ್ದೆ ಕಣೇ". ಅವರು ಹಸು ಸಾಕುವುದು ಬಿಟ್ಟು ಎಷ್ಟು ಕಾಲವಾಗಿತ್ತೋ. ಆಕೆಯ ಬಾಯಲ್ಲಿ "ಏನೂಂದ್ರೆ" ಎಂಬ ಕರೆ ಇರುವವರೆಗೆ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಹೆದರಿಕೆ ಒಂದೇ. "ಎಲ್ಲಾ ಮರೀಲಿ ಮೇಡಮ್ಮೋರೆ, ನಾನ್ಯಾರು ಅಂತ ಮರೆತ್ರೆ ಏನು ಮಾಡ್ಲಿ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು. ನಾನು ಏನೋ ಸಮಾಧಾನ ಹೇಳಿದೆ. ಅವರು ಅದನ್ನೂ ನಂಬಲಿಲ್ಲ.

ಹೀಗಿರುವಾಗ ನಮ್ಮಲ್ಲಿಗೆ ಆ ಡಬ್ಬಿ ಬಂತು. ಶಿವಮೊಗ್ಗದ ಕಡೆಯ ಕಾಲೇಜೊಂದರಲ್ಲಿ ಓದುವ ಹುಡುಗಿ ತಂದಳು. ಕಣ್ಣಿಗೆ ಕಟ್ಟಿಕೊಂಡರೆ ಸುತ್ತಮುತ್ತಲೂ ಬೇರೆ ಲೋಕವೇ ಕಾಣುವ ವಿ.ಆರ್. ಹೆಡ್‌ಸೆಟ್ಟು. ಮರೆವಿನ ಕಾಯಿಲೆಯವರಿಗೆ ಅದರಿಂದ ನೆಮ್ಮದಿ ಸಿಗುತ್ತದೆಯೇ, ವಯಸ್ಸಾದವರು ಅದನ್ನು ಒಪ್ಪಿಕೊಳ್ಳುತ್ತಾರೆಯೇ ಎಂದು ಅವಳ ಅಧ್ಯಯನ. ನನಗೇನೂ ಅದರ ಮೇಲೆ ಭರವಸೆ ಇರಲಿಲ್ಲ. ವೃದ್ಧಾಶ್ರಮಕ್ಕೆ ಹಣ್ಣು ಹಂಚಲು ಬಂದವರೂ ಹಣ್ಣಿಗಿಂತ ಮೊದಲು ಫೋಟೋ ತೆಗೆಯುವುದನ್ನು ಕಂಡವಳು ನಾನು. ಆದರೆ ನಮ್ಮಲ್ಲಿನ ಹಿರಿಯರು ನಾ ಮುಂದು ತಾ ಮುಂದು ಎಂದು ಒಪ್ಪಿದರು. ರಿಟೈರಾದ ಬಸ್ ಕಂಡಕ್ಟರರೊಬ್ಬರು ಅದನ್ನು ಕಟ್ಟಿಕೊಂಡು ರಸ್ತೆ ಕಂಡ ಕೂಡಲೇ "ರೈಟ್, ರೈಟ್! ಒಳಗೆ ನಡೀರಿ!" ಎಂದು ಕೂಗಿ, ಪಕ್ಕದಲ್ಲಿ ಕೂತಿದ್ದವರನ್ನು ಕುರ್ಚಿ ಸಮೇತ ತಳ್ಳಿದರು.

ಯಜಮಾನರು ದೂರದಲ್ಲಿ ಕೂತು ನೋಡುತ್ತಿದ್ದರು. ಹೆಂಡತಿಗೂ ತೋರಿಸಲು ಅವರ ಒಪ್ಪಿಗೆ ಬೇಕೆಂದು ಹುಡುಗಿ ಹತ್ತಿರ ಹೋದಾಗ, "ಇದ್ರಲ್ಲಿ ಎಣ್ಣೆ ಯಾರಿಗೆ, ಹಿಂಡಿ ಯಾರಿಗೆ?" ಎಂದು ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ. ಇದರಿಂದ ನಿನಗೆ ಸಿಗುವುದೇನು, ಅಜ್ಜಿಗೆ ಉಳಿಯುವುದೇನು ಎಂದು ಕೇಳುತ್ತಿದ್ದಾರೆ ಎಂದು ನಾನು ಬಿಡಿಸಿ ಹೇಳಿದೆ. ಹುಡುಗಿ ಸ್ವಲ್ಪ ಯೋಚಿಸಿ, "ನಂಗೆ ಡಿಗ್ರಿ ಸಿಗುತ್ತೆ ಅಜ್ಜ. ಅಜ್ಜಿಗೆ ಏನು ಸಿಗುತ್ತೋ ಇನ್ನೂ ಗೊತ್ತಿಲ್ಲ" ಎಂದಳು. ಅಜ್ಜಿಗೆ ಎಲ್ಲ ನೆನಪಾಗುತ್ತದೆ ಎಂದೇನಾದರೂ ಹೇಳಿದ್ದರೆ ಅವರು ಅಲ್ಲಿಂದ ಎದ್ದು ಹೋಗುತ್ತಿದ್ದರು. ಈ ಉತ್ತರ ಅವರಿಗೆ ಹಿಡಿಸಿತು.

ಆದರೂ ಹೂಂ ಅನ್ನಲಿಲ್ಲ. "ಗಾಣದ ಎತ್ತಿಗೆ ಕಣ್ಣು ಕಟ್ಟೋನು ನಾನು ಕಣಮ್ಮ" ಎಂದರು. "ಅದಕ್ಕೆ ಒಳ್ಳೇದಾಗ್ಲಿ ಅಂತ ಕಟ್ತಿರಲಿಲ್ಲ. ಇದ್ದಲ್ಲೇ ಸುತ್ತಾದು ಅದಕ್ಕೆ ತಿಳೀಬಾರ್ದು ಅಂತ ಕಟ್ತಿದ್ದೆ. ಸಂಜೆಗೆ ಬಿಚ್ಚಿದ್ರೆ ಪಿಳಿಪಿಳಿ ಕಣ್ ಬಿಟ್ಕೊಂಡು ನಿಂತ್ಕೊಳ್ಳೋದು. ಒಂದು ಗಳಿಗೆ ಅದಕ್ಕೆ ನನ್ನ ಗುರುತೇ ಹತ್ತುತ್ತಿರಲಿಲ್ಲ. ಮೈ ಸವರಿ ಮಾತಾಡಿಸಿದ್ ಮೇಲೇ ಹತ್ತೋದು. ಇವಳಿಗೆ ಹಂಗಾದ್ರೆ?"

ಹುಡುಗಿ ಬಲವಂತ ಮಾಡಲಿಲ್ಲ. ವಾರಗಟ್ಟಲೆ ಸುಮ್ಮನೆ ಬಂದು ಪಕ್ಕದಲ್ಲಿ ಕೂತು ಹೋದಳು. ಕೊನೆಗೆ ಅವರೇ, ತಾವು ಕೈ ಹಿಡಿದುಕೊಂಡು ಕೂತಿರಬೇಕು, ಬಿಚ್ಚು ಎಂದ ತಕ್ಷಣ ಬಿಚ್ಚಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ತಾವು ಮಾತ್ರ ಕಟ್ಟಿಕೊಳ್ಳುವುದಿಲ್ಲ ಎಂದರು. ಯಾಕೆಂದರೆ ವಿಭೂತಿ ಅಳಿಸುತ್ತದಂತೆ.

ಶುರು ಮಾಡುವ ಮೊದಲು ನೆನಪಿನ ಪರೀಕ್ಷೆ. ಇದು ಯಾವ ತಿಂಗಳು, ಬೆಳಿಗ್ಗೆ ಏನು ತಿಂಡಿ, ಹೀಗೆ ಕೇಳುತ್ತ ಹುಡುಗಿ, "ಅಜ್ಜಿ, ನಿಮ್ಮ ಯಜಮಾನರ ಹೆಸರೇನು?" ಎಂದಳು. ಆಕೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡು ನಕ್ಕು ತಲೆ ತಗ್ಗಿಸಿದರು. ಹುಡುಗಿ ಇನ್ನೊಂದು ಸಲ ಕೇಳಿದಳು. ಆಕೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು. "ಅವಳು ಹೇಳಲ್ಲ" ಎಂದರು ಯಜಮಾನರು. ಪಕ್ಕದಲ್ಲಿದ್ದವರು ಬಾಯಿ ಹಾಕುವಂತಿಲ್ಲ ಎಂದು ಹುಡುಗಿ ಅವರನ್ನು ಆಚೆ ಕಳಿಸಿ, ಗಂಡನ ಹೆಸರು ನೆನಪಿಲ್ಲ ಎಂದು ಗುರುತು ಹಾಕಿಕೊಂಡಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದವರು ಅವರು ಎಂದು ನಾನು ಆಮೇಲೆ ತಿಳಿಸಿದೆ. "ಅಯ್ಯೋ, ನಮ್ಮ ಅಜ್ಜಿಯೂ ಹಾಗೇ ಇದ್ದರು" ಎಂದು ನಾಲಿಗೆ ಕಚ್ಚಿಕೊಂಡಳು. ಆದರೆ ಅಧ್ಯಯನದ ನಿಯಮದ ಪ್ರಕಾರ ಹಾಕಿದ ಗುರುತನ್ನು ತೆಗೆಯುವ ಹಾಗಿರಲಿಲ್ಲ, ಪ್ರಶ್ನೆಯನ್ನು ಬದಲಾಯಿಸುವ ಹಾಗೂ ಇರಲಿಲ್ಲ. ಯಜಮಾನರು ಜಗಲಿಯ ಮೇಲೆ ಕೂತು ಕುದಿಯುತ್ತಿದ್ದರು. "ಮರ್ತಿದ್ರೆ ಹೇಳ್ಬಿಡ್ತಿದ್ಲು ಕಣ್ರೀ. ನೆನಪೈತೆ, ಅದಕ್ಕೇ ಹೇಳ್ಲಿಲ್ಲ" ಎಂದರು. ಆ ಹೊತ್ತಿಗೆ ನನಗೆ ಅದು ತಮಾಷೆಯಾಗಿ ಕೇಳಿಸಿತು.

ಮೊದಲ ದಿನ ತೋರಿಸಿದ್ದು ಸಮುದ್ರ. ಆಕೆ ಸೀರೆ ನೆನೆಯುತ್ತದೆ ಎಂದು ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು "ನೀರು, ನೀರು" ಎಂದು ಕಿರುಚಿದರು. ಬಿಚ್ಚು ಎಂದು ಯಜಮಾನರು ಅಬ್ಬರಿಸಿದರು. ಹುಡುಗಿ ಬುದ್ಧಿವಂತೆ. ಕ್ಯಾಮೆರಾ ಹೊತ್ತು ಅಂತರಘಟ್ಟೆಗೇ ಹೋಗಿ, ಊರ ರಸ್ತೆ, ಹುಣಸೇಮರ, ಬೇಲಿಯ ಪಕ್ಕ ಮೇಯುವ ಆಡು, ದಾರಿಯಲ್ಲಿ ಹೋಗುವ ಹೆಂಗಸರು, ಇದನ್ನೆಲ್ಲ ಹಿಡಿದುಕೊಂಡು ಬಂದಳು. ಹೋಗುವ ಮುಂಚೆ ಯಜಮಾನರನ್ನೂ ಕರೆದಿದ್ದಳು. "ನೀವೂ ಆ ರಸ್ತೇಲಿ ನಿಂತ್ಕೊಳ್ಳಿ ಅಜ್ಜ, ಅಜ್ಜಿಗೆ ನೀವೂ ಕಾಣ್ತೀರ" ಎಂದಿದ್ದಳು. ಅವರು ಜಪ್ಪಯ್ಯ ಎಂದರೂ ಹೋಗಲಿಲ್ಲ. "ನನ್ನ ಚಿತ್ರ ಹಿಡಿದು ಎಲ್ಲೆಲ್ಲಿ ಏನೇನು ಮಾಡ್ತೀರೋ, ಯಾರಿಗೆ ಗೊತ್ತು?" ಎಂದರು. ಹಟ ಬೇಡ ಎಂದು ನಾನೂ ಹೇಳಿದೆ. ನನ್ನ ಮೇಲೂ ಅನುಮಾನ ಬಂತು, ಕಾಲೇಜಿನವರು ನನಗೇನೋ ಕೊಟ್ಟಿದ್ದಾರೆ ಎಂದು.

ಅಂತರಘಟ್ಟೆ ಕಂಡ ದಿನ ಆಕೆಯ ಮುಖ ನೋಡಬೇಕಿತ್ತು. ಕಾಲು ಕುರ್ಚಿಯಲ್ಲೇ ನಡೆಯುತ್ತಿತ್ತು. ಯಾರನ್ನೋ "ಅತ್ತಿಗೆ" ಎಂದು ಕರೆದರು, ಆಡನ್ನು ಉಶ್ ಎಂದು ಅಟ್ಟಿದರು. ಬಿಚ್ಚಿದ ಮೇಲೂ ಆ ನಗು ಹಾಗೇ ಉಳಿಯಿತು. ಆ ಸಂಜೆ ಆಕೆ ಎಂದಿನಂತೆ ಗೇಟಿನ ಹತ್ತಿರ ಹೋಗಿ ಊರಿಗೆ ಬಿಡಿ ಎಂದು ಅಳಲಿಲ್ಲ. ಮುಂದಿನ ಸಂಜೆಗಳಲ್ಲೂ ಅಳು ಕಡಿಮೆಯಾಯಿತು. ನನಗೆ ಸಂತೋಷವಾಗಿತ್ತು. ಅಷ್ಟು ದಿನ ಆಕೆಯನ್ನು ಗೇಟಿನಿಂದ ಎಳೆದು ತಂದವಳು ನಾನು, ಸಂತೋಷವಾಗದೆ ಇರುತ್ತದೆಯೇ?

ಯಜಮಾನರು ಮಾತ್ರ ಸೊರಗಿದರು. ಹುಡುಗಿ ನಮ್ಮಲ್ಲೇ ಬಿಟ್ಟುಹೋಗುತ್ತಿದ್ದ ಆ ಡಬ್ಬಿಯನ್ನು ಒಂದು ಮಧ್ಯಾಹ್ನ ಕಟ್ಟಿಕೊಳ್ಳದೆ, ಬರೀ ಕೈಯಲ್ಲಿ ಎತ್ತಿ ಹಿಡಿದು, ಬಾವಿ ಇಣುಕುವವರ ಹಾಗೆ ಒಳಗೆ ಇಣುಕಿದರು. ಆ ಕಡೆ ಈ ಕಡೆ ಎಲ್ಲ ತಿರುಗಿಸಿ ಬಹಳ ಹೊತ್ತು ಹುಡುಕಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು, "ಇದ್ರಲ್ಲಿ ನಾನಿಲ್ವಲ್ಲ ಮೇಡಮ್ಮೋರೆ" ಎಂದರು. ಕರೆದಾಗ ಹೋಗದೆ ಈಗ ಇಲ್ಲ ಎಂದರೆ ಹೇಗೆ ಎಂದು ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಆ ದಿನಗಳಲ್ಲೇ ಆಕೆ ಅವರನ್ನು ಆಗಾಗ "ಅಜ್ಜ" ಎನ್ನಲು ತೊಡಗಿದ್ದು. ಡಾಕ್ಟರನ್ನು ಕೇಳಿದರೆ, ಕಾಯಿಲೆ ಮುಂದುವರಿಯುವುದೇ ಹಾಗೆ, ಡಬ್ಬಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದರು. ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸಲ ಹುಡುಗಿ ಬಂದಾಗ ಡಬ್ಬಿ ಚಾಲೂ ಆಗಲಿಲ್ಲ. ಚಾರ್ಜರಿನ ವೈರೇ ಮಾಯ. ಎಲ್ಲರೂ ಮಂಚದಡಿ, ಕಪಾಟು ಎಂದು ಹುಡುಕುತ್ತಿದ್ದರೆ ಅವರೊಬ್ಬರೇ ಕೂತಲ್ಲಿಂದ ಏಳಲಿಲ್ಲ. ನನ್ನ ಕಣ್ಣು ಅವರ ಮೇಲೆ ಬಿತ್ತು, ಅವರ ಕಣ್ಣು ಗೋಡೆಯ ಮೇಲೆ. ಹುಡುಗಿ ಹೋದ ಮೇಲೆ ಹತ್ತಿರ ಕೂತು, "ಕೊಟ್ಟುಬಿಡಿ" ಎಂದೆ.

"ಕೊಡಲ್ಲ. ಅವಳು ಅದ್ರೊಳಗೆ ಹೋಗಿ ಹೋಗಿ ನನ್ನ ಕೈ ಬಿಟ್ಬಿಡ್ತಾಳೆ. ಅತ್ತರೆ ಅಳ್ಲಿ. ಏನೂಂದ್ರೆ ಅಂತ ಕರ್ದು ಅಳ್ಲಿ."

ಆ ಸಂಜೆ ಆಕೆ ಅತ್ತರು. ಮೊದಲಿಗಿಂತ ಜೋರಾಗಿ ಅತ್ತರು. ಗೇಟಿನ ಸರಳು ಹಿಡಿದುಕೊಂಡು, "ಅವ್ವ ಕಾಯ್ತಾ ಅವ್ಳೆ, ಬಿಡ್ರಪ್ಪಾ" ಎಂದು ಹೋಗುವ ಬರುವವರನ್ನೆಲ್ಲ ಬೇಡಿಕೊಂಡರು. "ಏನೂಂದ್ರೆ" ಎಂದು ಒಂದು ಸಲವೂ ಕರೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಗಂಡನ ಎದೆಗೆ ಕೈಯಿಟ್ಟು ತಳ್ಳಿದರು. ಯಜಮಾನರು ಒಳಗೆ ಹೋದರು. ತಲೆದಿಂಬಿನ ಕವರಿನೊಳಗಿಂದ ವೈರು ತೆಗೆದು ತಂದು ನನ್ನ ಕೈಗಿಟ್ಟರು. "ಹಾಕ್ರಿ ಕರೆಂಟು" ಎಂದರು. ಜೀವನದಲ್ಲಿ ಮುಟ್ಟಿ ನೋಡದೆ ಏನನ್ನೂ ಒಪ್ಪದ ಮನುಷ್ಯ, ತನಗೆ ನಷ್ಟವೇ ಎಂದು ಖಾತ್ರಿಯಾದ ಮೇಲೆ ಒಪ್ಪಿದ್ದನ್ನು ಕಂಡು ನನಗೆ ಅಳು ಬಂತು.

ಅಧ್ಯಯನ ಮುಗಿಯುವ ಹೊತ್ತಿಗೆ ಮತ್ತೆ ಅದೇ ಪರೀಕ್ಷೆ. ಈ ಸಲ ಹುಡುಗಿ ಯಜಮಾನರನ್ನು ಆಚೆ ಕಳಿಸಲಿಲ್ಲ, ಅವರೂ ಮಾತಾಡಲಿಲ್ಲ. ತಿಂಗಳು ಯಾವುದೆಂದು ಆಕೆಗೆ ತಿಳಿಯಲಿಲ್ಲ, ತಿಂಡಿಯೂ ನೆನಪಿರಲಿಲ್ಲ. "ನಿಮ್ಮ ಯಜಮಾನರ ಹೆಸರೇನು ಅಜ್ಜಿ?" ಎಂದು ಹುಡುಗಿ ಸುಮ್ಮನೆ ಕೇಳಬೇಕಲ್ಲ ಎಂದು ಕೇಳಿದಳು. ಆಕೆ ತಲೆಯೆತ್ತಿ, ಸ್ಪಷ್ಟವಾಗಿ, ಊರಿನ ಹೆಸರು, ಮನೆತನದ ಹೆಸರು ಸಮೇತ ಗಂಡನ ಹೆಸರನ್ನು ಹೇಳಿಬಿಟ್ಟರು.

ಹುಡುಗಿ ಕೂತಲ್ಲೇ ಕುಣಿದಳು. "ಹೇಳಿಬಿಟ್ರು! ಮೇಡಂ, ಹೇಳಿಬಿಟ್ರು!" ಎಂದು ನನ್ನ ಕೈ ಹಿಡಿದಳು. ಯಜಮಾನರು ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯಿಂದ ಆ ಹೆಸರು ಅವರಿಗೆ ಕೇಳಿಸಿದ್ದು ಅದೇ ಮೊದಲು.

"ಅಜ್ಜ, ನಿಮಗೆ ಖುಷಿಯಾಗ್ಲಿಲ್ವಾ?" ಎಂದಳು ಹುಡುಗಿ.

"ನಾನು ಗಂಡ ಅಂತ ನೆನಪಿದ್ದಿದ್ರೆ ಅವಳು ಹೆಸರು ಹೇಳ್ತಿರ್ಲಿಲ್ಲ ಕಣಮ್ಮ" ಎಂದರು ಅವರು. "ನಾನೀಗ ಅವಳ ಗಂಡ ಅಲ್ಲ."

ಹುಡುಗಿಯ ಕೈ ಸಡಿಲವಾಯಿತು. ಆಗ ಆಕೆಯೇ ಯಜಮಾನರ ಕಡೆ ತಿರುಗಿ, ಹಿರಿಯರನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದರು.

"ನೀವು ಯಾವ ಕಡೆಯೋರು ಅಜ್ಜ?"

"ಹಿರೇನಲ್ಲೂರ ಕಡೆಯೋನು ಕಣಮ್ಮ."

"ಹಂಗಾದ್ರೆ ಗಾಣದೋರ ಮನೆ ನಿಮಗೆ ಗೊತ್ತಿರ್ಬೇಕು. ಈಗ ಹೆಸರು ಹೇಳಿದ್ನಲ್ಲ, ಆ ಹುಡುಗ ನನ್ನ ನೋಡ್ಕೊಂಡು ಹೋಗವ್ನೆ. ಅವನಿಗೇ ಕೊಡಾದು ಅಂತ ನಮ್ಮವ್ವ ಅಂತಾಳೆ. ಒಪ್ಪಿದ್ನೋ ಇಲ್ವೋ, ಇನ್ನೂ ಏನೂ ಹೇಳಿ ಕಳಿಸ್ಲಿಲ್ಲ." ದನಿ ತಗ್ಗಿಸಿ, "ನೀವು ಆ ಕಡೆ ಹೋದ್ರೆ ಒಂದ್ ಮಾತು ಕೇಳ್ತೀರಾ?" ಎಂದರು.

ತೂಕದ ಯಂತ್ರವನ್ನೂ, ಡಾಕ್ಟರ ಮಾತ್ರೆಯನ್ನೂ, ನನ್ನನ್ನೂ ನಂಬದ ಮನುಷ್ಯ ಒಂದು ಕ್ಷಣವೂ ತಡಮಾಡಲಿಲ್ಲ. "ಕೇಳಾದೇನು ಬಂತು. ಒಪ್ಪವ್ನೆ ಕಣಮ್ಮ. ನೋಡಿದ್ ದಿನವೇ ಒಪ್ಪವ್ನೆ" ಎಂದರು. ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ನಕ್ಕರು.

ಹುಡುಗಿ ಡಬ್ಬಿ ತೆಗೆದುಕೊಂಡು ಹೋದಳು. ಹೋಗುವಾಗ ಯಜಮಾನರ ಕಾಲು ಮುಟ್ಟಿದಳು. ಆಮೇಲೆ ಸಂಜೆಗೊಮ್ಮೆ ಆಕೆ ಕೇಳುವುದು, ಅವರು ಬಿಡದೆ ಒಪ್ಪಿಗೆ ತಂದು ಮುಟ್ಟಿಸುವುದು ನಡೆದೇ ಇತ್ತು, ಅವರು ಹೋಗುವ ತನಕ. ಗಂಡನಾಗಿ ಉಳಿಯದಿದ್ದರೂ ಆ ಮನೆಯ ಸುದ್ದಿ ತರುವ ಅಜ್ಜನಾಗಿ ಆಕೆಗೆ ಬೇಕಾದವರಾಗಿದ್ದರು. ಇದು ಅವರಿಗೆ ಸಾಕಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಕು ಎಂದು ಅವರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ಮೇಲೆ ಆಕೆ ಬಹಳ ದಿನ ಏನೂ ಕೇಳಲಿಲ್ಲ. ಮೊನ್ನೆ ಸಂಜೆ ದೀಪ ಹಚ್ಚಿ ಬರುತ್ತಿದ್ದ ನನ್ನ ಸೆರಗು ಹಿಡಿದು ನಿಲ್ಲಿಸಿದರು. "ಅಕ್ಕಾ, ಆ ಅಜ್ಜ ಬರ್ಲೇ ಇಲ್ಲ. ಹುಡುಗ ಒಪ್ಪಿದ್ನಾ?"

"ಒಪ್ಪಿದಾನೆ ಕಣೇ" ಎಂದೆ.

ಆಕೆ ನಗಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. "ನನ್ನ ಸಮಾಧಾನಕ್ಕೆ ಹೇಳ್ತಿದೀಯ ನೀನು. ನಿಂಗೆ ಯಾರು ಹೇಳಿದ್ದು?"

"ಹುಡುಗನೇ ಹೇಳಿದ" ಎಂದೆ. "ನಾನಲ್ಲೇ ಇದ್ದೆ. ನನ್ನ ಕಿವಿಯಾರೆ ಕೇಳಿದೀನಿ."